ಹೋಮ್ಸ್ ಕೌಂಟಿಯ ಜನಗಣತಿ ಮತ್ತು ಎಣಿಕೆಗೆ ಸಿಗದ ಒಂದು ಭಾಷೆ

ಅಮೆರಿಕದ ಒಹಾಯೋ ರಾಜ್ಯದ ಹೋಮ್ಸ್ ಕೌಂಟಿಯಲ್ಲಿ 1840ರ ಜನಗಣತಿ ಎಣಿಸಿದ್ದು 18,088 ಜನರನ್ನು. ಸರಿಯಾಗಿ ನೂರು ವರ್ಷಗಳ ನಂತರ, 1940ರಲ್ಲಿ, ಅದೇ ಕೌಂಟಿಯಲ್ಲಿ ಇದ್ದವರು 17,876 ಜನ. ಈ ಅವಧಿಯಲ್ಲಿ ಅಮೆರಿಕದ ಒಟ್ಟು ಜನಸಂಖ್ಯೆ ಸುಮಾರು 1.7 ಕೋಟಿಯಿಂದ 13.2 ಕೋಟಿಗೆ ಏರಿತ್ತು. ದೇಶವು ಏಳು ಪಟ್ಟಿಗೂ ಮಿಗಿಲಾಗಿ ಬೆಳೆದಾಗ ಈ ಗುಡ್ಡಗಾಡಿನ ಕೃಷಿ ಪ್ರದೇಶ ನಿಂತಲ್ಲೇ ನಿಂತಿತ್ತು. ಆದರೆ 2020ರ ಗಣತಿಯಲ್ಲಿ ಇದರ ಜನಸಂಖ್ಯೆ 44,223. ಗ್ರಾಮೀಣ ಅಮೆರಿಕದ ನೂರಾರು ಕೌಂಟಿಗಳು ಬರಿದಾಗುತ್ತಿದ್ದ ದಶಕಗಳಲ್ಲಿಯೇ ಹೋಮ್ಸ್ ಕೌಂಟಿ ತುಂಬಿಕೊಂಡಿತು.

ಈ ಏರಿಳಿತವನ್ನು ಸಾಮಾನ್ಯವಾಗಿ ಜನಸಂಖ್ಯಾಶಾಸ್ತ್ರದ ಅಥವಾ ಧರ್ಮದ ಇತಿಹಾಸದ ವಿಷಯವಾಗಿ ನೋಡಲಾಗುತ್ತದೆ. ಪ್ರಸ್ತುತ ಲೇಖನವು ಅದನ್ನು ಭಾಷೆಯ ಇತಿಹಾಸವಾಗಿ ಓದುವ ಪ್ರಯತ್ನ. ಕೌಂಟಿಯ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಆಮಿಶ್ ಪಂಥಕ್ಕೆ ಸೇರಿದವರು. ಈ ಪ್ರಮಾಣ ಅಮೆರಿಕದ ಬೇರಾವ ಕೌಂಟಿಯಲ್ಲೂ ಇಲ್ಲ. ಅವರ ಮನೆಮಾತು ಪೆನ್ಸಿಲ್ವೇನಿಯಾ ಡಚ್ ಎಂದು ಕರೆಯಲಾಗುವ ಜರ್ಮನ್ ಮೂಲದ ಭಾಷೆ. ಶಾಲೆ, ರಾಜ್ಯ, ಪತ್ರಿಕೆ, ಸಾಹಿತ್ಯ ಇವುಗಳಲ್ಲಿ ಯಾವುದರ ಆಸರೆಯೂ ಇಲ್ಲದ ಈ ಭಾಷೆ ಇಂಗ್ಲಿಷಿನ ನಡುವೆ ಎರಡು ಶತಮಾನಗಳಿಂದ ಉಳಿದಿರುವುದಕ್ಕೆ ಬಹುತೇಕರು ಕೊಡುವ ಉತ್ತರ ಒಂದೇ: ಆಮಿಶರು ಲೋಕದಿಂದ ದೂರ ಸರಿದು ಬದುಕಿದರು, ಆದ್ದರಿಂದ ಅವರ ನುಡಿ ಉಳಿಯಿತು. ಈ ಉತ್ತರ ಅರ್ಧಸತ್ಯ ಎಂಬುದು ಇಲ್ಲಿನ ವಾದ. ಅದೇ ಕೌಂಟಿಯಲ್ಲಿ, ಅದೇ ಕಣಿವೆಗಳಲ್ಲಿ, ಅದೇ ನುಡಿಯನ್ನು ಆಡುತ್ತಿದ್ದ ಇತರರು ಅದನ್ನು ಕಳೆದುಕೊಂಡರು ಎಂಬ ಸಂಗತಿಯನ್ನು ಈ ಉತ್ತರ ವಿವರಿಸುವುದಿಲ್ಲ.

ನೆಲದ ಪೂರ್ವೇತಿಹಾಸವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. 1795ರ ಗ್ರೀನ್‌ವಿಲ್ ಒಪ್ಪಂದವು ಮೂಲನಿವಾಸಿಗಳ ನೆಲ ಮತ್ತು ವಲಸಿಗರ ನೆಲದ ನಡುವೆ ಎಳೆದ ಗಡಿರೇಖೆ ಇಂದಿನ ಹೋಮ್ಸ್ ಕೌಂಟಿಯ ಮೂಲಕವೇ ಹಾದುಹೋಗುತ್ತದೆ. ರೇಖೆಯ ದಕ್ಷಿಣಕ್ಕಿದ್ದ ಭೂಮಿ ಮೊದಲು ಮಾರಾಟಕ್ಕೆ ತೆರೆಯಿತು; ಉತ್ತರದ್ದು ಮುಂದಿನ ದಶಕದಲ್ಲಿ ಕೈಬದಲಾಯಿತು. ಇಲ್ಲಿದ್ದ ಲೆನಾಪೆ ಜನರು ಹಂತಹಂತವಾಗಿ ಪಶ್ಚಿಮಕ್ಕೂ ಉತ್ತರಕ್ಕೂ ತಳ್ಳಲ್ಪಟ್ಟು, ಅವರ ವಂಶಜರು ಇಂದು ಮುಖ್ಯವಾಗಿ ಒಕ್ಲಹೋಮಾ ಮತ್ತು ಕೆನಡಾದ ಒಂಟಾರಿಯೋಗಳಲ್ಲಿದ್ದಾರೆ. ಕೌಂಟಿಯ ನಡುವೆ ಹರಿಯುವ ಕಿಲ್‌ಬಕ್ ಎಂಬ ಹೊಳೆ ಲೆನಾಪೆ ಮುಖಂಡರ ಮನೆತನವೊಂದರ ನೆನಪನ್ನು ಉಳಿಸಿಕೊಂಡಿದೆ. ಆದರೆ ಕಿಲ್‌ಬಕ್ ಎಂಬುದು ಇಂಗ್ಲಿಷರು ಆ ಮನೆತನಕ್ಕೆ ಬಳಸಿದ ಹೆಸರು. ಅದೇ ಮನೆತನದ ಮುಖಂಡನೊಬ್ಬನ ಸ್ವಂತ ಭಾಷೆಯ ಹೆಸರು ಗೆಲೆಲೆಮೆಂಡ್. ಇಲ್ಲಿ ಅಳಿದ ಮೊದಲ ಭಾಷೆ ಯಾವುದು ಎಂಬ ಪ್ರಶ್ನೆ ಬಂದಾಗ ಜರ್ಮನ್ ಅಥವಾ ಫ್ರೆಂಚಿನಿಂದ ಲೆಕ್ಕ ಆರಂಭಿಸುವ ರೂಢಿಯನ್ನು ಬಿಡುವುದು ಒಳಿತು.

ಕೌಂಟಿಯ ರಚನೆಯಾದದ್ದು 1824ರಲ್ಲಿ. 1814ರಲ್ಲಿ ಮ್ಯಾಕಿನಾಕ್ ದ್ವೀಪದ ಕಾಳಗದಲ್ಲಿ ಸತ್ತ ಮೇಜರ್ ಆಂಡ್ರೂ ಹೋಮ್ಸ್‌ನ ಹೆಸರು ಅದಕ್ಕೆ ಬಂತು. ಮಿಲ್ಲರ್ಸ್‌ಬರ್ಗ್ ಆಡಳಿತ ಕೇಂದ್ರವಾಯಿತು. ಅದಕ್ಕೂ ಮುಂಚೆ, 1809ರಲ್ಲಿ, ಪೆನ್ಸಿಲ್ವೇನಿಯಾದ ಸಾಮರ್‌ಸೆಟ್ ಕೌಂಟಿಯಿಂದ ಜೋನಾಸ್ ಸ್ಟುಟ್ಸ್‌ಮನ್ ಎಂಬ ಆಮಿಶ್ ವ್ಯಕ್ತಿ ವಾಲ್‌ನಟ್ ಕ್ರೀಕ್ ಬಳಿ ನೆಲೆಸಿದ್ದನು. ಅವನ ಹಿಂದೆ ಬಂದವರೆಲ್ಲ ಆಮಿಶರೇ ಆಗಿರಲಿಲ್ಲ. ಪೆನ್ಸಿಲ್ವೇನಿಯಾದಿಂದ ಲುಥೆರನ್ ಮತ್ತು ರಿಫಾರ್ಮ್ಡ್ ಚರ್ಚುಗಳ ಜರ್ಮನ್ ಭಾಷಿಕರು ಬಂದರು. ಜರ್ಮನಿಯಿಂದಲೇ ನೇರವಾಗಿ ಬಂದವರೂ ಇದ್ದರು. ಪಶ್ಚಿಮ ಭಾಗದಲ್ಲಿ ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ್ ರೈತರು ನೆಲೆಸಿದರು. ಇವರೆಲ್ಲರ ನಡುವೆ ಇಂಗ್ಲಿಷ್ ಮಾತನಾಡುವ ಸ್ಕಾಟ್-ಐರಿಷ್ ಮೂಲದವರು ಇದ್ದರು. 1830ರಲ್ಲಿ 9,135 ಇದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಇಮ್ಮಡಿಯಾಯಿತು. ಆಗಿನ ಹೋಮ್ಸ್ ಕೌಂಟಿ ಬಹುಭಾಷಿಕವಾಗಿತ್ತು.

ಸ್ಥಳನಾಮಗಳು ಇದನ್ನು ಇಂದಿಗೂ ಹೇಳುತ್ತವೆ. ಬರ್ಲಿನ್ ಎಂಬ ಊರಿದೆ. ಸ್ಥಳೀಯರು ಒತ್ತನ್ನು ಮೊದಲ ಅಕ್ಷರಕ್ಕೆ ಹಾಕುವುದರಿಂದ ಜರ್ಮನಿಯ ರಾಜಧಾನಿಯ ಹೆಸರು ಅವರ ಬಾಯಲ್ಲಿ ಬೇರೆಯೇ ಪದದಂತೆ ಕೇಳಿಸುತ್ತದೆ. ವೈನ್ಸ್‌ಬರ್ಗ್ ಎಂಬುದು ಜರ್ಮನಿಯ ವೈನ್ಸ್‌ಬೆರ್ಗ್‌ನ ಇಂಗ್ಲಿಷೀಕೃತ ರೂಪ. (ಶೆರ್ವುಡ್ ಆಂಡರ್ಸನ್ 1919ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಥಾಸಂಕಲನದ ಊರು ಇದಲ್ಲ, ಆ ಲೇಖಕನ ಮನಸ್ಸಿನಲ್ಲಿದ್ದುದು ಒಹಾಯೋದ ಕ್ಲೈಡ್ ಎಂಬ ಊರು. ಸಾಹಿತ್ಯದ ವಿದ್ಯಾರ್ಥಿಗಳು ಈ ಎರಡನ್ನು ಬೆರೆಸುವುದು ಅಪರೂಪವೇನಲ್ಲ.) ಗ್ಲೆನ್‌ಮಾಂಟ್ ಎಂಬ ಹಳ್ಳಿಗೆ ಹಿಂದೆ ನೆಪೋಲಿಯನ್ ಎಂದು ಹೆಸರಿತ್ತು, ಹತ್ತಿರದ ದಿಣ್ಣೆಯೊಂದನ್ನು ಇಂದಿಗೂ ಫ್ರೆಂಚ್ ರಿಡ್ಜ್ ಎನ್ನುತ್ತಾರೆ. 1863ರ ಜೂನ್ ತಿಂಗಳಲ್ಲಿ, ಅಂತರ್ಯುದ್ಧದ ಕಡ್ಡಾಯ ಸೈನ್ಯಭರ್ತಿಯನ್ನು ವಿರೋಧಿಸಿ ಈ ಭಾಗದ ರೈತರು ಆಯುಧ ಹಿಡಿದು ಜಮಾಯಿಸಿದರು. ಸೈನ್ಯ ಬಂದೊಡನೆ ಚದುರಿದರು. ನಗೆಪಾಟಲಾದ ಆ ಪ್ರತಿರೋಧವನ್ನು ಫೋರ್ಟ್ ಫಿಜಲ್ ಎಂಬ ಅಡ್ಡಹೆಸರಿನಿಂದ ಸ್ಥಳೀಯ ಇತಿಹಾಸ ನೆನೆಯುತ್ತದೆ. ಫ್ರೆಂಚ್ ಭಾಷೆ ದಿಣ್ಣೆಯ ಹೆಸರಿನಲ್ಲಿ ಉಳಿಯಿತು, ಬಾಯಲ್ಲಿ ಉಳಿಯಲಿಲ್ಲ.

ಈ ಬಹುಭಾಷಿಕ ಕೌಂಟಿಯ ನುಡಿಸ್ಥಿತಿಯನ್ನು ಜನಗಣತಿಯಿಂದ ತಿಳಿಯಲು ಹೊರಟರೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. 1910, 1920 ಮತ್ತು 1930ರ ಗಣತಿಗಳು ಮಾತೃಭಾಷೆಯನ್ನು ಕೇಳಿದ್ದು ವಲಸಿಗರ ಲೆಕ್ಕಕ್ಕಾಗಿ. ಅಂದರೆ ವಿದೇಶದಲ್ಲಿ ಹುಟ್ಟಿದವರಿಗೆ, ಕೆಲವೊಮ್ಮೆ ಅವರ ಮಕ್ಕಳ ಸಂದರ್ಭದಲ್ಲಿ. ಹೋಮ್ಸ್ ಕೌಂಟಿಯ ಪೆನ್ಸಿಲ್ವೇನಿಯಾ ಡಚ್ ಭಾಷಿಕರಾದರೋ ಬಹುತೇಕ ಹದಿನೆಂಟನೆಯ ಶತಮಾನದಲ್ಲೇ ಬಂದವರ ಸಂತತಿ. ಅವರು ಅಮೆರಿಕದಲ್ಲಿ ಹುಟ್ಟಿದವರು, ಅವರ ತಂದೆತಾಯಿಗಳೂ ಅಲ್ಲಿಯೇ ಹುಟ್ಟಿದವರು. ಆದ್ದರಿಂದ ಅವರ ಭಾಷೆ ಗಣತಿಯ ಕಣ್ಣಿಗೆ ಬೀಳಲೇ ಇಲ್ಲ. ಅಮೆರಿಕದಲ್ಲಿ ಹುಟ್ಟಿದವನ ಮಾತು ಇಂಗ್ಲಿಷೇ ಇರಬೇಕೆಂಬ ಊಹೆ ಪ್ರಶ್ನಾವಳಿಯ ರಚನೆಯಲ್ಲೇ ಅಡಗಿತ್ತು. 1940 ಮತ್ತು 1970ರಲ್ಲಿ ಮಾದರಿ ಜನರಿಗೆ ಮಾತೃಭಾಷೆಯನ್ನು ಕೇಳಲಾಯಿತು. 1980ರಿಂದ ಪ್ರಶ್ನೆ ಬದಲಾಯಿತು: ಐದು ವರ್ಷ ಮೀರಿದವರು ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆಯನ್ನಾಡುತ್ತಾರೆಯೇ ಎಂದು. ಆಗ ಹೊಸ ತೊಡಕು ಹುಟ್ಟಿತು. ತಮ್ಮ ನುಡಿಯನ್ನು ಕೆಲವರು ಪೆನ್ಸಿಲ್ವೇನಿಯಾ ಡಚ್ ಎಂದು, ಕೆಲವರು ಜರ್ಮನ್ ಎಂದು, ಇನ್ನು ಕೆಲವರು ಬರಿದೇ ಡಚ್ ಎಂದು ಬರೆದರು. ಕೊನೆಯವರು ನೆದರ್ಲೆಂಡ್ಸಿನ ಭಾಷೆಯ ಖಾತೆಗೆ ಸೇರಿಹೋದರು. ಹಳೆಯ ಇಂಗ್ಲಿಷ್ ಬಳಕೆಯಲ್ಲಿ ಡಚ್ ಎಂಬ ಪದ ಜರ್ಮನ್ ಭಾಷಿಕರೆಲ್ಲರನ್ನೂ ಒಳಗೊಳ್ಳುತ್ತಿತ್ತು. ಆದ್ದರಿಂದ ಈ ಹೆಸರು ‘ಡಾಯ್ಚ್’ ಪದದ ಅಪಭ್ರಂಶ ಎಂಬ ಜನಪ್ರಿಯ ವಿವರಣೆಯ ಅಗತ್ಯವೇ ಇಲ್ಲ.

ಹೀಗೆ ಭಾಷೆಯ ನೇರ ಲೆಕ್ಕ ಕೈಗೆ ಸಿಗದಿರುವಾಗ, ತಲೆಗಳ ಲೆಕ್ಕವೇ ಪರೋಕ್ಷ ಸಾಕ್ಷ್ಯವಾಗುತ್ತದೆ. 1890ರಲ್ಲಿ ಕೌಂಟಿಯ ಜನಸಂಖ್ಯೆ 21,139. ಅಲ್ಲಿಂದ ಪ್ರತಿ ಗಣತಿಯಲ್ಲೂ ಕುಸಿತ: 1900ರಲ್ಲಿ 19,511, 1910ರಲ್ಲಿ 17,909, 1920ರಲ್ಲಿ 16,965, 1930ರಲ್ಲಿ 16,726. ನಲವತ್ತು ವರ್ಷಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಕಡಿಮೆಯಾದರು. ಬರ ಬಂದಿರಲಿಲ್ಲ, ಮಣ್ಣು ಸತ್ತಿರಲಿಲ್ಲ. ಪಶ್ಚಿಮದ ಬಯಲುಗಳು ಮೊದಲೇ ಜನರನ್ನು ಸೆಳೆಯುತ್ತಿದ್ದವು. ನಂತರ ಈಶಾನ್ಯ ಒಹಾಯೋದ ಕಾರ್ಖಾನೆಗಳು ಸೆಳೆದವು. ರಬ್ಬರ್ ಉದ್ಯಮದ ಆಕ್ರಾನ್ ನಗರ 1910ರಲ್ಲಿ 69,067 ಜನರ ಊರು. 1920ರಲ್ಲಿ ಅಲ್ಲಿ 2,08,435 ಜನ. ಅಂತಹ ನಗರ ಒಂದೆರಡು ದಿನದ ಪ್ರಯಾಣದಾಚೆ ಬೆಳೆಯುತ್ತಿದ್ದಾಗ ಹೊಲವಿಲ್ಲದ ಕಿರಿಯ ಮಗ ಊರಲ್ಲಿ ಏಕೆ ಉಳಿದಾನು? ಹೋದವನು ತನ್ನ ನುಡಿಯನ್ನೂ ಕೊಂಡೊಯ್ದನು, ಆಕ್ರಾನಿನ ಬೀದಿಯಲ್ಲಿ ಒಂದು ತಲೆಮಾರಿನಲ್ಲಿ ಅದನ್ನು ಬಿಟ್ಟನು.

ಉಳಿದವರ ಮೇಲೆ ಕಾನೂನಿನ ಕೈಯೂ ಬಿತ್ತು. ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಒಹಾಯೋ ರಾಜ್ಯ ಏಕ್ ಕಾನೂನು ಎಂದು ಹೆಸರಾದ ಶಾಸನದ ಮೂಲಕ ಎಂಟನೆಯ ತರಗತಿಯ ಒಳಗೆ ಜರ್ಮನ್ ಕಲಿಸುವುದನ್ನು ನಿಷೇಧಿಸಿತು. 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ನೆಬ್ರಾಸ್ಕದ ಇಂತಹುದೇ ಕಾನೂನಿನೊಂದಿಗೆ ಇದನ್ನೂ ರದ್ದುಪಡಿಸಿತು. ಆದರೆ ಅಷ್ಟರಲ್ಲಿ ಜರ್ಮನ್ ಪಾಠವಿದ್ದ ಶಾಲೆಗಳು ಮುಚ್ಚಿದ್ದವು, ಚರ್ಚುಗಳು ಪ್ರವಚನವನ್ನು ಇಂಗ್ಲಿಷಿಗೆ ತಂದಿದ್ದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಕಾನೂನಿನ ಪೆಟ್ಟು ಬಿದ್ದದ್ದು ಶಾಲೆಯನ್ನೂ ಚರ್ಚಿನ ಲಿಖಿತ ಜರ್ಮನನ್ನೂ ನೆಚ್ಚಿದ್ದ ಭಾಷಿಕರ ಮೇಲೆ. ಶಾಲೆಯನ್ನಾಗಲಿ ಬರವಣಿಗೆಯನ್ನಾಗಲಿ ನೆಚ್ಚಿರದ ಆಡುನುಡಿಯನ್ನು ನಿಷೇಧಿಸಲು ಶಾಸನಕ್ಕೆ ದಾರಿಯೇ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಡಚ್ ಭಾಷಿಕರಲ್ಲಿ ಅತ್ಯಂತ ಬಹುಪಾಲು ಜನ ಲುಥೆರನ್ ಮತ್ತು ರಿಫಾರ್ಮ್ಡ್ ಚರ್ಚುಗಳವರು. ಇಡೀ ದೇಶದ ಆಮಿಶರು ಆಗ ಕೆಲವೇ ಸಾವಿರ. ಅಂದಿನ ಭಾಷಾತಜ್ಞನೊಬ್ಬ ಈ ನುಡಿಯ ಭವಿಷ್ಯವನ್ನು ಊಹಿಸಬೇಕಾಗಿದ್ದರೆ, ಸಂಖ್ಯಾಬಲವೂ ಸಾಹಿತ್ಯವೂ ಇದ್ದ ಮೊದಲ ಗುಂಪಿನ ಮೇಲೆ ಪಣ ಕಟ್ಟುತ್ತಿದ್ದನು. ಇಂದು ಆ ಗುಂಪಿನಲ್ಲಿ ಉಳಿದಿರುವವರು ವಯೋವೃದ್ಧರು. ಆಮಿಶರ ಸಂಖ್ಯೆಯಾದರೋ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇಮ್ಮಡಿಸುತ್ತ ಮೂರು ಲಕ್ಷವನ್ನು ದಾಟಿದೆ.

ಹಾಗಾದರೆ ಧರ್ಮವೇ ಭಾಷೆಯನ್ನು ಉಳಿಸಿತೆನ್ನೋಣವೇ? ಹೋಮ್ಸ್ ಕೌಂಟಿಯ ಇತಿಹಾಸ ಇಲ್ಲಿಯೂ ಎಚ್ಚರಿಕೆಯನ್ನು ಬೇಡುತ್ತದೆ. 1862ರಿಂದ 1878ರವರೆಗೆ ಆಮಿಶ್ ಗುರುಗಳು ದೇಶಮಟ್ಟದಲ್ಲಿ ಸಭೆಗಳನ್ನು ನಡೆಸಿದರು. ಮೊದಲ ಸಭೆ ನಡೆದದ್ದು ಪಕ್ಕದ ವೇಯ್ನ್ ಕೌಂಟಿಯಲ್ಲಿ. ಉಡುಪು, ಸಭಾಗೃಹ, ಲೋಕವ್ಯವಹಾರ ಮುಂತಾದ ಪ್ರಶ್ನೆಗಳ ಮೇಲೆ ಸಮುದಾಯ ಇಬ್ಭಾಗವಾಯಿತು. ಹಳೆಯ ಕಟ್ಟಳೆಯವರು ಒಂದು ಕಡೆ ಉಳಿದರು. ಬದಲಾವಣೆಯನ್ನು ಒಪ್ಪಿದ ಆಮಿಶ್ ಮೆನೊನೈಟರು ಮುಂದೆ ಮೆನೊನೈಟರಲ್ಲಿ ವಿಲೀನವಾದರು. ಇವರಿಬ್ಬರೂ ಒಂದೇ ಮನೆತನಗಳವರು, ಒಂದೇ ನುಡಿಯವರು, ನೆರೆಹೊಲದವರು, ಶಾಂತಿವಾದಿಗಳು. ಎರಡನೆಯ ಬಣ ಭಾನುವಾರದ ಶಾಲೆಯನ್ನು, ಪುನರುಜ್ಜೀವನ ಸಭೆಗಳನ್ನು, ಹೊರಗಿನವರಿಗೆ ಮತಬೋಧೆ ಮಾಡುವ ಕಾರ್ಯವನ್ನು ಸ್ವೀಕರಿಸಿತು. ಹೊರಗಿನವರನ್ನು ಒಳಗೆ ಕರೆಯಬೇಕಾದರೆ ಅವರ ಭಾಷೆ ಬೇಕು. ಎರಡು ಮೂರು ತಲೆಮಾರುಗಳಲ್ಲಿ ಅವರು ಇಂಗ್ಲಿಷ್ ಭಾಷಿಕರಾದರು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಕಥೆ ಬೀಚಿ ಆಮಿಶ್ ಎಂಬ ಶಾಖೆಯಲ್ಲಿ ಮರುಕಳಿಸಿತು: ಮತಪ್ರಚಾರ ಬಂತು, ಮೋಟಾರು ಬಂತು, ಆರಾಧನೆ ಇಂಗ್ಲಿಷಿಗೆ ತಿರುಗಿತು. ಹೋಮ್ಸ್ ಕೌಂಟಿಯಲ್ಲಿಯೇ 1960ರ ದಶಕದಲ್ಲಿ ರೂಪುಗೊಂಡ ನ್ಯೂ ಆರ್ಡರ್ ಬಣ ಕುದುರೆಗಾಡಿಯನ್ನು ಉಳಿಸಿಕೊಂಡಿತು, ಭಾಷೆಯನ್ನೂ ಉಳಿಸಿಕೊಂಡಿತು. ಕುದುರೆಯೇ ಭಾಷೆಯನ್ನು ಕಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಸಮುದಾಯದ ಒಳಗೂ ಹೊರಗೂ ಇರುವ ಗೆರೆಯನ್ನು ದಿನದಿನವೂ ಕಾಣುವಂತೆ ಮಾಡುವ ಚಿಹ್ನೆಗಳಲ್ಲಿ ಎರಡೂ ಸೇರಿವೆ; ಒಂದನ್ನು ಅಳಿಸಿದವರು ಇನ್ನೊಂದನ್ನೂ ಅಳಿಸಿದ್ದು ಹೆಚ್ಚು.

ಪ್ರತ್ಯೇಕವಾಸದ ವಾದಕ್ಕೆ ಇನ್ನೊಂದು ಆಕ್ಷೇಪವಿದೆ. ಹೋಮ್ಸ್ ಕೌಂಟಿಯ ಆಮಿಶರು ಇಂಗ್ಲಿಷ್ ಅರಿಯದವರಲ್ಲ. ಶಾಲೆಗೆ ಸೇರಿದ ಮಗು ಇಂಗ್ಲಿಷಿನಲ್ಲಿ ಓದು ಬರಹ ಕಲಿಯುತ್ತದೆ. ಹಿರಿಯರು ಪರಸ್ಪರ ಪತ್ರ ಬರೆಯುವುದೂ ಇಂಗ್ಲಿಷಿನಲ್ಲೇ. ಪಕ್ಕದ ಶುಗರ್‌ಕ್ರೀಕ್‌ನಿಂದ 1890ರಿಂದ ಹೊರಡುತ್ತಿರುವ ದಿ ಬಜೆಟ್ ಪತ್ರಿಕೆಯಲ್ಲಿ ದೇಶದ ಮೂಲೆಮೂಲೆಯ ಆಮಿಶ್ ನೆಲೆಗಳ ಸುದ್ದಿ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಬೈಬಲ್ ಪಾರಾಯಣ ಲೂಥರನ ಜರ್ಮನಿನಲ್ಲಿ. ಸ್ತೋತ್ರಗಳು ಹದಿನಾರನೆಯ ಶತಮಾನದ ಔಸ್‌ಬುಂಡ್ ಎಂಬ ಸಂಕಲನದಿಂದ. ಪ್ರವಚನ ಮತ್ತು ಮನೆ, ಹೊಲ, ಅಂಗಡಿಯ ಮಾತು ಡಚ್‌ನಲ್ಲಿ. ಮೂರು ಭಾಷೆಗಳಿಗೆ ಮೂರು ವಲಯ. ಜೋಶುವ ಫಿಶ್‌ಮನ್ 1967ರಲ್ಲಿ ದ್ವಿಸ್ತರ ಭಾಷಾಸ್ಥಿತಿಯನ್ನು ಬೇರೆ ಬೇರೆ ಭಾಷೆಗಳಿಗೂ ವಿಸ್ತರಿಸಿ, ವಲಯಗಳು ಬೆರೆಯದೆ ಇರುವವರೆಗೆ ದ್ವಿಭಾಷಿಕತೆ ಸ್ಥಿರವಾಗಿರಬಲ್ಲದು ಎಂದು ವಾದಿಸಿದಾಗ ಮನಸ್ಸಿನಲ್ಲಿದ್ದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಡಚ್ ಭಾಷೆ ಬರವಣಿಗೆಯ ವಲಯಕ್ಕೆ ಹಕ್ಕು ಸಾಧಿಸಲಿಲ್ಲ; ಇಂಗ್ಲಿಷ್ ಅಡುಗೆಮನೆಗೆ ಬರಲಿಲ್ಲ. ಶುಗರ್‌ಕ್ರೀಕ್‌ನ ಸಮಿತಿಯೊಂದು 1994ರಲ್ಲಿ ಹೊಸ ಒಡಂಬಡಿಕೆಯನ್ನೂ ನಂತರ 2013ರಲ್ಲಿ ಇಡೀ ಬೈಬಲನ್ನೂ ಈ ನುಡಿಗೆ ತಂದಿತು. ಅದರ ಕಾಗುಣಿತ ಇಂಗ್ಲಿಷ್ ಓದಿ ಬಲ್ಲವರಿಗೆ ಅನುಕೂಲವಾಗುವಂತೆ ರೂಪಿಸಿದ್ದು, ಜರ್ಮನ್ ಮಾದರಿಯದಲ್ಲ. ಆದರೂ ಆರಾಧನೆಯಲ್ಲಿ ಲೂಥರನ ಪಾಠದ ಸ್ಥಾನಕ್ಕೆ ಅದು ಬಂದಿಲ್ಲ.

ಆಮಿಶ್ ಪೂರ್ವಜರಲ್ಲಿ ಬಹುತೇಕರು ಸ್ವಿಸ್ ಮೂಲದವರು. ಅವರ ಮೊದಲ ನುಡಿ ಸ್ವಿಸ್ ಜರ್ಮನ್. ಪಲಟಿನೇಟ್ ಪ್ರದೇಶದ ವಾಸ ಮತ್ತು ನಂತರ ಪೆನ್ಸಿಲ್ವೇನಿಯಾದ ಬಹುಸಂಖ್ಯಾತ ಪಲಟಿನೇಟ್ ವಲಸಿಗರ ಸಹವಾಸದಿಂದ ಅವರು ಈಗಿನ ನುಡಿಗೆ ಬದಲಾದರು. ಇಂಡಿಯಾನಾದ ಆಡಮ್ಸ್ ಕೌಂಟಿಯ ಆಮಿಶರು ಮಾತ್ರ, ಹತ್ತೊಂಬತ್ತನೆಯ ಶತಮಾನದಲ್ಲಿ ನೇರವಾಗಿ ಬಂದವರಾದ್ದರಿಂದ, ಇಂದಿಗೂ ಸ್ವಿಸ್ ಜರ್ಮನ್ ಆಡುತ್ತಾರೆ. ಅಂದರೆ ಭಾಷೆ ಬದಲಿಸದ ಜನ ಎಂಬ ಖ್ಯಾತಿಯ ಈ ಸಮುದಾಯದ ಇತಿಹಾಸದಲ್ಲೇ ಒಂದು ಭಾಷಾಪಲ್ಲಟ ಅಡಗಿದೆ.

ವ್ಯಾಕರಣದ ಒಂದು ಸಂಗತಿ ಈ ಇಡೀ ಚರ್ಚೆಗೆ ಬೆಳಕು ಚೆಲ್ಲುತ್ತದೆ. ಮೂಲ ಪಲಟಿನೇಟ್ ಉಪಭಾಷೆಗಳಲ್ಲಿ ಚತುರ್ಥೀ ವಿಭಕ್ತಿ ಇದೆ: ‘ನನ್ನೊಡನೆ’ ಎನ್ನಲು ‘ಮಿತ್ ಮಿರ್’. ಆಮಿಶರ ಮಾತಿನಲ್ಲಿ ಈ ಚತುರ್ಥಿ ಕಳಚಿ ದ್ವಿತೀಯೆಯ ರೂಪ ಅದರ ಸ್ಥಾನಕ್ಕೆ ಬಂದಿದೆ: ‘ಮಿತ್ ಮಿಶ್’. ಮೇರಿಯನ್ ಲೋಯಿಸ್ ಹಫೈನ್ಸ್ ಪೆನ್ಸಿಲ್ವೇನಿಯಾದಲ್ಲಿ ಎರಡೂ ಗುಂಪುಗಳನ್ನು ಹೋಲಿಸಿ ಕಂಡ ಸಂಗತಿ ನಮ್ಮ ನಿರೀಕ್ಷೆಗೆ ವಿರುದ್ಧವಾದುದು: ಭಾಷೆಯನ್ನು ಮಕ್ಕಳಿಗೆ ದಾಟಿಸದ ಲುಥೆರನ್ ಹಿರಿಯರು ಚತುರ್ಥಿಯನ್ನು ಉಳಿಸಿಕೊಂಡಿದ್ದರು; ಭಾಷೆಯನ್ನು ಮಕ್ಕಳಿಗೆ ದಾಟಿಸುತ್ತಿದ್ದ ಆಮಿಶರು ಮತ್ತು ಮೆನೊನೈಟರು ಅದನ್ನು ಬಿಟ್ಟಿದ್ದರು. ವಿಭಕ್ತಿಗಳ ಸವಕಳಿ ಭಾಷಾಮರಣದ ಲಕ್ಷಣವೆಂದು ಪಾಠ ಹೇಳುವವರು ಈ ಉದಾಹರಣೆಯನ್ನು ಪಾಠದ ಜೊತೆಗೇ ಇಟ್ಟುಕೊಳ್ಳಬೇಕು. ಸಾಯುತ್ತಿದ್ದ ನುಡಿ ಶುದ್ಧವಾಗಿತ್ತು, ಬದುಕಿದ್ದ ನುಡಿ ಬದಲಾಗುತ್ತಿತ್ತು. ಪದಕೋಶದಲ್ಲಿಯೂ ಹೀಗೆಯೇ. ಬೇಲಿಗೆ ‘ಫೆನ್ಸ್’ ಎನ್ನುತ್ತಾರೆ; ‘ಗ್ಲೈಚೆ’ ಎಂಬ ಜರ್ಮನ್ ಮೂಲದ ಕ್ರಿಯಾಪದ, ಹೋಲುವುದು ಎಂಬ ಅರ್ಥದಿಂದ ಸರಿದು, ಇಂಗ್ಲಿಷ್ ‘ಲೈಕ್’ ಪದದ ಎರಡನೆಯ ಅರ್ಥವಾದ ಇಷ್ಟಪಡುವುದನ್ನು ಹೊತ್ತಿದೆ. ಮಾರ್ಕ್ ಲೌಡನ್ ಮುಂತಾದವರ ಲೆಕ್ಕದಂತೆ ಇಂಗ್ಲಿಷ್ ಎರವಲುಗಳು ಒಟ್ಟು ಪದಸಂಪತ್ತಿನಲ್ಲಿ ಶೇ. 10–15ರಷ್ಟು ಮಾತ್ರ. ಕನ್ನಡದ ನಗರವಾಸಿ ಓದುಗರು ಈ ಪ್ರಮಾಣವನ್ನು ತಮ್ಮ ಮಾತಿನೊಡನೆ ಹೋಲಿಸಿಕೊಳ್ಳಬಹುದು.

ಮತ್ತೆ ಅಂಕಿಗಳಿಗೆ ಬರೋಣ. 1930ರ ನಂತರ ಜನಸಂಖ್ಯೆ ಏರತೊಡಗಿತು. ಮೊದಲ ಏರಿಕೆಗೆ ಆರ್ಥಿಕ ಕುಸಿತವೂ ಕಾರಣವಿರಬಹುದು. ನಗರದಲ್ಲಿ ಕೆಲಸವಿಲ್ಲದಾಗ ಜನ ಊರಲ್ಲೇ ಉಳಿಯುತ್ತಾರೆ. ಆದರೆ 1960ರ 21,591, 1970ರ 23,024, 1980ರ 29,416, 2000ದ 38,943 ಎಂಬ ಸಾಲನ್ನು ಹಾಗೆ ವಿವರಿಸಲಾಗದು. ಆರೇಳು ಮಕ್ಕಳ ಕುಟುಂಬ, ಹರೆಯ ದಾಟುವಾಗ ಸ್ವಇಚ್ಛೆಯ ದೀಕ್ಷಾಸ್ನಾನ, ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಸಮುದಾಯದಲ್ಲೇ ಉಳಿಯುವುದು: ಈ ಮೂರು ಕೂಡಿದಾಗ ಮಾತ್ರ ಇಂತಹ ಏರಿಕೆ ಸಾಧ್ಯ. ಕೌಂಟಿಯ ಮಧ್ಯಮ ವಯಸ್ಸು ಸುಮಾರು ಮೂವತ್ತು, ರಾಜ್ಯದ ಸರಾಸರಿಗಿಂತ ಬಹಳ ಕಡಿಮೆ. ಭೂಮಿ ಸಾಲದಾಗಿ ಬಹುಪಾಲು ಆಮಿಶ್ ಗಂಡಸರು ಬೇಸಾಯ ಬಿಟ್ಟು ಪೀಠೋಪಕರಣದ ಕಾರ್ಯಾಗಾರ, ಮರಗೆಲಸ, ಕಟ್ಟಡ ನಿರ್ಮಾಣಗಳಿಗೆ ಹೊರಳಿದ್ದಾರೆ. ಬರ್ಲಿನ್ ಸುತ್ತಲಿನ ರಸ್ತೆಗಳು ಪ್ರವಾಸಿಗರಿಂದ ಕಿಕ್ಕಿರಿದಿವೆ. ನೇಗಿಲು ಹೋದರೆ ನುಡಿಯೂ ಹೋದೀತು ಎಂಬ ಊಹೆ ಇಲ್ಲಿಯವರೆಗೆ ನಿಜವಾಗಿಲ್ಲ.

ಯುನೆಸ್ಕೋ ತಜ್ಞರು 2003ರಲ್ಲಿ ಭಾಷೆಯ ಜೀವಂತಿಕೆಯನ್ನು ಅಳೆಯಲು ಒಂಬತ್ತು ಅಂಶಗಳನ್ನು ಸೂಚಿಸಿದರು. ಸಾಕ್ಷರತೆಯ ಸಾಮಗ್ರಿ, ಹೊಸ ಮಾಧ್ಯಮಗಳಲ್ಲಿ ಬಳಕೆ, ಸರ್ಕಾರದ ನೀತಿ, ದಾಖಲೀಕರಣ ಇವುಗಳಲ್ಲಿ ಕೆಲವು. ಹೋಮ್ಸ್ ಕೌಂಟಿಯ ನುಡಿಗೆ ಇವುಗಳಲ್ಲಿ ಹಲವದರಲ್ಲಿ ಕೆಳಗಿನ ಅಂಕವೇ ಸಿಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ದಾಟುವಿಕೆ ಎಂಬ ಒಂದೇ ಅಂಶದಲ್ಲಿ ಅದು ಪೂರ್ಣಾಂಕ ಪಡೆಯುತ್ತದೆ, ಆ ಒಂದೇ ಅಂಶ ಉಳಿದವನ್ನು ಮೀರುತ್ತದೆ. ಅಂಶಗಳನ್ನು ಕೂಡಿಸಿ ಒಟ್ಟು ಅಂಕ ತೆಗೆಯಬಾರದೆಂದು ಆ ದಸ್ತಾವೇಜೇ ಎಚ್ಚರಿಸಿದೆ. ಆದರೂ ನಮ್ಮಲ್ಲಿ ಭಾಷಾ ಸಮೀಕ್ಷೆಗಳು ಮೊದಲು ಎಣಿಸುವುದು ನಿಘಂಟುಗಳನ್ನೂ ಪಠ್ಯಪುಸ್ತಕಗಳನ್ನೂ.

ಇದರ ಬೆಲೆಯನ್ನು ಮರೆಮಾಡಬಾರದು. ಆಮಿಶ್ ಮಗುವಿನ ಶಿಕ್ಷಣ ಎಂಟನೆಯ ತರಗತಿಗೆ ನಿಲ್ಲುತ್ತದೆ. 1921ರಲ್ಲಿ ಒಹಾಯೋ ತಂದ ಬಿಂಗ್ ಕಾನೂನು ಶಾಲಾವಯಸ್ಸನ್ನು ಏರಿಸಿದಾಗ ರಾಜ್ಯದ ಆಮಿಶ್ ತಂದೆಯರು ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ವಿವಾದ ಅರ್ಧ ಶತಮಾನ ನಡೆದು, ವಿಸ್ಕಾನ್ಸಿನ್ ರಾಜ್ಯದ ಯೋಡರ್ ಪ್ರಕರಣದಲ್ಲಿ 1972ರಲ್ಲಿ ಸರ್ವೋಚ್ಚ ನ್ಯಾಯಾಲಯ ಪೋಷಕರ ಪರವಾಗಿ ತೀರ್ಪಿತ್ತಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಾಗಶಃ ಭಿನ್ನಮತ ಬರೆದು, ಮಕ್ಕಳ ಇಚ್ಛೆಯನ್ನೂ ಕೇಳಬೇಕಿತ್ತು ಎಂದರು. ಭಾಷಾಶಾಸ್ತ್ರಜ್ಞರು ಈ ಭಿನ್ನಮತವನ್ನು ಉಲ್ಲೇಖಿಸುವುದು ಕಡಿಮೆ. ಭಾಷೆ ಉಳಿದ ಸಂತೋಷದಲ್ಲಿ, ಉಳಿಸಿದ ವ್ಯವಸ್ಥೆ ಯಾರಿಂದ ಏನನ್ನು ಕೇಳಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಸಮುದಾಯ ಬಿಟ್ಟ ತರುಣ ಅಥವಾ ತರುಣಿಗೆ ಡಚ್ ಮಾತು ಮರೆಯುವುದಿಲ್ಲ. ಆದರೆ ಅದನ್ನು ಆಡಲು ಮನೆ ಇರುವುದಿಲ್ಲ, ಅವರ ಮಕ್ಕಳು ಇಂಗ್ಲಿಷಿನಲ್ಲಿ ಬೆಳೆಯುತ್ತಾರೆ. ಜನಗಣತಿಯಲ್ಲಿ ಅವರು ಅದೇ ಕೌಂಟಿಯ ನಿವಾಸಿಗಳಾಗಿಯೇ ಎಣಿಕೆಯಾಗುತ್ತಾರೆ, ಭಾಷೆಯ ಅಂಕಣದಲ್ಲಿ ಮಾತ್ರ ಬೇರೆ ಸಾಲಿಗೆ ಸೇರಿರುತ್ತಾರೆ.